ಡೆಲ್ಫಾಳ ಹಿಮ್ಮಡಿ

ಬೇರ್‌ವಾಲೊ ಬಯಲಿನಲ್ಲಿ ಆ ಶನಿವಾರ ಡೆಲ್ಫಾ ರಾಟ್ಲಿಫ್ ಕುಣಿದಳೋ ಇಲ್ಲವೋ ಎಂಬ ವಿಷಯದಲ್ಲಿ ನಮ್ಮ ಕಣಿವೆ ಇವತ್ತಿಗೂ ಎರಡು ಪಕ್ಷವಾಗಿದೆ. ಕುಣಿದಳು ಎನ್ನುವವರು ಚರ್ಚಿನವರು. ಇಲ್ಲ ಎನ್ನುವವರು ಬ್ಲೂಗ್ರಾಸ್ ಎಂಬ ನಮ್ಮ ಬೆಟ್ಟದ ಹಾಡಿನ ಹುಚ್ಚಿನವರು. ಎರಡು ಕಡೆಯೂ ಕಾಲಿಟ್ಟುಕೊಂಡವರು ಇಲ್ಲಿ ಬಹಳ ಮಂದಿ, ಡೆಲ್ಫಾಳೂ ಅವರಲ್ಲೊಬ್ಬಳು, ಆದ್ದರಿಂದ ವಾದ ಮುಗಿಯುವ ಹಾಗಿಲ್ಲ. ಯಾರನ್ನು ಕೇಳಿದರೂ ಕಥೆಯನ್ನು ಕೊನೆಯಿಂದ ಶುರು ಮಾಡುತ್ತಾರೆ. ಅವಳು ಎಂಥವಳೆಂದು ತಿಳಿಯಬೇಕಾದರೆ ಮೊದಲಿನಿಂದಲೇ ಹೇಳಬೇಕು.

ಡೆಲ್ಫಾಳ ಅಪ್ಪ ವಾರವೆಲ್ಲ ಕಲ್ಲಿದ್ದಲ ಗಣಿಯಲ್ಲಿ ದುಡಿದು ಭಾನುವಾರ ತೊರೆಯಂಚಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದ. ಆ ಚರ್ಚಿನಲ್ಲಿ ಪಿಯಾನೊ ಇಲ್ಲ, ಗಿಟಾರಿಲ್ಲ, ಕೊರಳೊಂದೇ. ಮನೆಯ ಜಗಲಿಯಲ್ಲಿ ಬ್ಯಾಂಜೊ ಬಾರಿಸಿದರೆ ದೇವರು ಕಣ್ಣು ಮುಚ್ಚಿಕೊಳ್ಳುತ್ತಾನೆ, ಕುಣಿದರೆ ಮಾತ್ರ ತೆರೆಯುತ್ತಾನೆ ಎಂಬುದು ಹಿರಿಯರ ನಂಬಿಕೆ. ಏಳು ವರ್ಷದ ಡೆಲ್ಫಾಳಿಗೆ ಪಕ್ಕದ ಮನೆಯ ಜಗಲಿಯಲ್ಲಿ ವಾದ್ಯ ಕೇಳಿದರೆ ಕಾಲು ಸುಮ್ಮನಿರುತ್ತಿರಲಿಲ್ಲ. ಇದು ಪಾಪವೋ ಅಲ್ಲವೋ ಎಂದು ಅವಳ ಅಮ್ಮ ಕೇಳಿದಾಗ ಅಪ್ಪ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ: ಹಿಮ್ಮಡಿ ನೆಲದ ಮೇಲಿದ್ದರೆ ಅದು ತಾಳ, ನೆಲ ಬಿಟ್ಟರೆ ಕುಣಿತ. ಆ ತೀರ್ಪನ್ನು ಡೆಲ್ಫಾ ಅರವತ್ತು ವರ್ಷ ಮೀರಲಿಲ್ಲ. ಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಹಿಮ್ಮಡಿ ಮಾತ್ರ ಮೊಳೆ ಹೊಡೆದಂತೆ ನೆಲದಲ್ಲಿರುತ್ತಿತ್ತು.

ತಾಳ ಅವಳಿಗೆ ಬಂದದ್ದು ಅಮ್ಮನ ಮಜ್ಜಿಗೆಯ ಗಡಿಗೆಯಿಂದ. ಕಡೆಗೋಲನ್ನು ಜೋರಾಗಿ ಕುಟ್ಟಿದರೆ ಬೆಣ್ಣೆ ಒಡೆಯುತ್ತದೆ, ನಿಧಾನ ಮಾಡಿದರೆ ಬರುವುದೇ ಇಲ್ಲ. "ಓಡ್ಬೇಡ, ಎಳೀಬೇಡ" ಎಂದು ಅಮ್ಮ ಹೇಳುತ್ತಿದ್ದುದು ಅವಳ ಎಲುಬಿಗೆ ಇಳಿದಿತ್ತು. ಮುಂದೆ ಮೂವತ್ತೊಂದು ವರ್ಷ ಊರ ಶಾಲೆಯ ಅಡುಗೆಮನೆಯಲ್ಲಿ ನಿಂತು ನಾನೂರು ಮಕ್ಕಳ ತಟ್ಟೆಗೆ ಬಡಿಸಿದಳು. ಸೌಟು ಒಂದೇ ಲಯದಲ್ಲಿ ಏಳುತ್ತಿತ್ತು, ಸಾಲು ಒಂದೇ ಲಯದಲ್ಲಿ ಸಾಗುತ್ತಿತ್ತು. ತಡಬಡಿಸಿದ ಹುಡುಗನಿಗೆ ಬೈಗುಳವೂ ಅದೇ ಲಯದಲ್ಲಿ ಬೀಳುತ್ತಿತ್ತು. ನಿವೃತ್ತಿಯಾದ ಮೇಲೂ ಅಡುಗೆಮನೆಯ ಬಿಳಿ ಬೂಟುಗಳನ್ನು ಬಿಡಲಿಲ್ಲ. ಚರ್ಚಿಗೂ ಅವೇ, ಹಾಡಿನ ಬಯಲಿಗೂ ಅವೇ. ತಪ್ಪು ಎಂಬ ಮಾತು ಅವಳ ಬಾಯಲ್ಲಿ ಬರುತ್ತಿದ್ದುದೇನಿದ್ದರೂ ಬೇರೆಯವರ ವಿಷಯದಲ್ಲಿ.

ಗಂಡ ಹೋಬರ್ಟ್ ತೀರಿಕೊಂಡ ವರ್ಷದಿಂದ ಅವಳ ಶನಿವಾರಗಳು ರೆಡ್‌ಬಡ್ ಗ್ಯಾಪ್ ತಂಡದ ಪಾಲಾದವು. ಆ ತಂಡವನ್ನು ಕಟ್ಟಿದವನು ಆರ್ಬಿನ್ ಸ್ಟಿಲ್ಟ್ನರ್. ಆಳೆತ್ತರದ ಬಾಸ್ ಪಿಟೀಲನ್ನು ಹೆಂಡತಿಯ ಹೆಗಲ ಮೇಲೆ ಕೈ ಹಾಕಿದ ಹಾಗೆ ಹಿಡಿದು ನುಡಿಸುವ ಅರವತ್ತಾರರ ಮುದುಕ. ಜೊತೆಯವರು ಒಬ್ಬೊಬ್ಬರಾಗಿ ಸತ್ತು, ಸುಸ್ತಾಗಿ, ಈಗ ಉಳಿದವರೆಲ್ಲ ಎಳೆಯರು. ತಂಡದ ಯಜಮಾನಿಕೆ ಪಿಟೀಲಿನ ಲೇಸಿ ಮಲಿನ್ಸ್‌ಳದು. ಇಪ್ಪತ್ತೊಂಬತ್ತರ ಹುಡುಗಿ, ಕೊರಳು ತೆಗೆದರೆ ಗುಡ್ಡದಾಚೆಗೂ ಕೇಳಬೇಕು. ಆದರೆ ಪದ್ಧತಿ ಹಳೆಯದೇ. ಡ್ರಮ್ಮಿಲ್ಲ, ಐವರಿಗೂ ಒಂದೇ ಮೈಕು. ಹಾಡುವವರು ಮುಂದೆ ನುಗ್ಗಿ, ಮುಗಿಸಿ, ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಬಿಡುತ್ತಾರೆ. ದೊಡ್ಡ ಬಾಸ್ ಹಿಂದೆಯೇ ನಿಲ್ಲಬೇಕು. ಅಲ್ಲಿಂದ ಆರ್ಬಿನ್‌ಗೆ ಕಾಣುವುದು ನಾಲ್ಕು ಬೆನ್ನು, ಅವುಗಳ ಸಂದಿಯಲ್ಲಿ ಒಂದನೇ ಸಾಲಿನ ನಡುವಿನ ಕುರ್ಚಿ.

ಆ ಕುರ್ಚಿ ಡೆಲ್ಫಾಳದು. ಅವಳ ಎಡಬಲಕ್ಕೆ ತಂಡದ ಹಳೆಯ ಭಕ್ತರು ಏಳೆಂಟು ಮಂದಿ. ಮುನ್ನೂರು ಮೈಲಿಯೊಳಗೆ ರೆಡ್‌ಬಡ್ ಗ್ಯಾಪ್ ಎಲ್ಲಿ ಹಾಡಿದರೂ ಇವರ ಗಾಡಿಗಳು ಮೊದಲೇ ಅಲ್ಲಿರುತ್ತವೆ. ಹಾಡುವವರಿಗೆ ಬೆಳಗಿನ ತಿಂಡಿಗೆ ಬನ್ನಿನಂಥ ಬಿಸಿ ಬಿಸ್ಕೆಟ್ಟು ಮತ್ತು ಗ್ರೇವಿ ಕೊಡುವವರು ಇವರೇ, ಸಾಹಿತ್ಯ ಮರೆತರೆ ತುಟಿಯಲ್ಲಾಡಿಸಿ ನೆನಪಿಸುವವರೂ ಇವರೇ. ಹೊಸ ಹಾಡು ಚೆನ್ನಾಗಿಲ್ಲದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುವ ಹಕ್ಕು ಡೆಲ್ಫಾಳೊಬ್ಬಳದೇ.

ಬೇರ್‌ವಾಲೊ ಬಯಲಿನ ಕುರ್ಚಿಯ ಕಾನೂನನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಬಾಯಿಪಾಠ. ವರ್ಷಕ್ಕೊಮ್ಮೆ ನಡೆಯುವ ಹಾಡಿನ ಹಬ್ಬಕ್ಕೆ ಗುರುವಾರ ಬೆಳಗ್ಗೆ ಗೇಟು ತೆರೆದಾಗ ನಿಮ್ಮ ಮಡಚುವ ಕುರ್ಚಿಯನ್ನು ಬೇಕಾದಲ್ಲಿ ಹಾಕಿದರೆ ಭಾನುವಾರದವರೆಗೆ ಆ ಜಾಗ ನಿಮ್ಮದು. ನೀವಿಲ್ಲದಾಗ ಅದರಲ್ಲಿ ಯಾರು ಬೇಕಾದರೂ ಕೂರಬಹುದು. ನೀವು ಬಂದ ಕೂಡಲೇ ಕೂತವರು ಮಾತಿಲ್ಲದೆ ಏಳಬೇಕು. ಬಂದವರು ಏಳಿ ಎನ್ನಬಾರದು, ಕೂತವರು ಇನ್ನೊಂದು ಹಾಡು ಎನ್ನಬಾರದು. ಒಮ್ಮೆ ಜಿಲ್ಲೆಯ ಜಡ್ಜು ಒಬ್ಬ ಗಣಿ ಕೂಲಿಯ ಕುರ್ಚಿಯಲ್ಲಿ ಕೂತು, ಆ ಕೂಲಿ ಬಂದು ನಿಂತರೂ ಏಳದೆ ಹಾಡು ಮುಗಿಯಲೆಂದು ಕಾದ. ಡೆಲ್ಫಾ ಹೋಗಿ ಅವನೆದುರು ನಿಂತಳು. "ಜಡ್ಜ್ ಸಾಹೇಬ್ರೆ, ನಿಮ್ಮ ಕೋರ್ಟಲ್ಲಿ ನೀವು ಬಂದಾಗ ನಾವೆಲ್ಲ ಏಳ್ತೀವಿ. ಇದು ಅವನ ಕೋರ್ಟು" ಎಂದಳು. ಜಡ್ಜು ಎದ್ದ. ಅಂದಿನಿಂದ ಆ ಕಾನೂನಿಗೆ ಡೆಲ್ಫಾಳೇ ಪೊಲೀಸು.

ಆ ವರ್ಷ ಏಪ್ರಿಲ್‌ನಲ್ಲಿ ಅವಳ ಪಿತ್ತಕೋಶ ಕೊಯ್ದು ತೆಗೆದರು. ಮೂರು ಶನಿವಾರ ಹಾಡಿಗೆ ಹೋಗಲಾಗಲಿಲ್ಲ. ನಾಲ್ಕನೇ ವಾರ ಅವಳು ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಆರ್ಬಿನ್ ಹಳೆಯ ಪೈ ತಟ್ಟೆ ಹಿಂತಿರುಗಿಸುವ ನೆಪದಲ್ಲಿ ಬಂದ.

"ಏನಯ್ಯಾ, ಸತ್ತಿದೀನೋ ಬದುಕಿದೀನೋ ಅಂತ ನೋಡೋಕ್ ಬಂದ್ಯಾ?" ಎಂದಳು ಡೆಲ್ಫಾ.

"ನಿನ್ ಕಾಲು ಹೇಗಿದೆ ಅಂತ ನೋಡೋಕ್ ಬಂದೆ."

"ಕೊಯ್ದಿದ್ದು ಹೊಟ್ಟೆ ಕಣೋ."

ಆರ್ಬಿನ್ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದು ತಿರುಗಿಸತೊಡಗಿದ. ಕೊನೆಗೆ ಹೇಳಿದ. ನಾಲ್ಕು ವರ್ಷದಿಂದ ಅವನ ಕಿವಿ ಹೋಗುತ್ತ ಬಂದಿತ್ತು. ಕಿವಿಯ ಯಂತ್ರ ಹಾಕಿಕೊಂಡರೆ ಮಾತೇನೋ ಕೇಳುತ್ತದೆ, ಆದರೆ ಹಾಡೆಲ್ಲ ತಗಡಿನ ಡಬ್ಬಿಯಲ್ಲಿ ಕಲ್ಲು ಅಲುಗಿಸಿದ ಹಾಗಾಗುತ್ತದೆ. ಅದಕ್ಕೆ ವೇದಿಕೆ ಹತ್ತುವ ಮೊದಲು ಯಂತ್ರಗಳನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಸ್ವರ ಬೆರಳಿಗೆ ಗೊತ್ತು, ಮರದ ನಡುಕ ಹೊಟ್ಟೆಗೆ ಗೊತ್ತು. ತಾಳ ಮಾತ್ರ ಹೊರಗಿನಿಂದ ಬರಬೇಕಲ್ಲ.

"ಎಲ್ಲಿಂದ ತಗೋತಿದ್ದೆ ಮತ್ತೆ?"

"ನಿನ್ ಬಿಳಿ ಬೂಟಿಂದ."

ಡೆಲ್ಫಾಳ ಕೈಯಲ್ಲಿದ್ದ ಬಟಾಣಿಕಾಯಿ ಅಲ್ಲೇ ನಿಂತಿತು.

"ನಿನ್ನಷ್ಟು ನೆಟ್ಟಗೆ ತಾಳ ಹಾಕೋ ಕಾಲು ಈ ಬೆಟ್ಟದಲ್ಲಿ ಇನ್ನೊಂದಿಲ್ಲ" ಎಂದ ಆರ್ಬಿನ್. "ನೀನಿಲ್ದೆ ಇದ್ದ ಮೂರು ವಾರ ನಾನು ಎಲ್ಲೆಲ್ಲೋ ಹೋದೆ. ಲೇಸಿಗೆ ಗೊತ್ತಾಯ್ತು. ಬೇರ್‌ವಾಲೊ ಮುಗೀಲಿ ಮಾವ, ಆಮೇಲೆ ನೋಡೋಣ ಅಂದ್ಲು. ಟೆನ್ನೆಸ್ಸೀಲಿ ಯಾವನೋ ಬಾಸ್ ನುಡಿಸೋನು ಫೋನಿಗೆ ಕಾಯ್ತಾ ಕೂತಿದಾನಂತೆ."

"ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳ್ಬಿಡು."

"ಹೇಳಿದ್ರೆ ಅಯ್ಯೋ ಪಾಪ ಅಂತ ಇಟ್ಕೋತಾಳೆ. ಅಯ್ಯೋ ಪಾಪ ಅನ್ನಿಸ್ಕೊಂಡು ಬಾಸ್ ಹಿಡಿಯೋದಕ್ಕಿಂತ ಸೌದೆ ಒಡೆಯೋದು ವಾಸಿ. ನೀನು ಯಾರಿಗೂ ಬಾಯಿ ಬಿಡ್ಬೇಡ."

ಡೆಲ್ಫಾ ಮಾತು ಕೊಟ್ಟಳು. ಅವನು ಹೋದ ಮೇಲೆ ತನ್ನ ಬಲಗಾಲನ್ನು ಬಹಳ ಹೊತ್ತು ನೋಡುತ್ತ ಕೂತಳು. ಹೆಮ್ಮೆಯಾಯಿತು. ಹೆಮ್ಮೆ ಪಾಪವೆಂದು ಗೊತ್ತಿತ್ತು, ಆದರೂ ಆಯಿತು. ಹೊಲಿಗೆ ಬಿಚ್ಚಿದ ಮಾರನೇ ದಿನವೇ ಹಾಡಿಗೆ ಹೊರಟಳು. ಬಾಸು ದಾರಿಗೆ ಬಂತು, ಲೇಸಿ ಮಾತ್ರ ಇನ್ನೂ ಅನುಮಾನದಿಂದಲೇ ಹಿಂದಿರುಗಿ ನೋಡುತ್ತಿದ್ದಳು.

ಜುಲೈ ಬಂತು, ಬೇರ್‌ವಾಲೊ ಹಬ್ಬ ಬಂತು. ಆ ಸಲ ಹಬ್ಬದ ಉಸ್ತುವಾರಿ ಟ್ರಾಯ್ ಎಂಬ ಹೊಸಬನದು. ಊರಿನವನೇ, ಡೆಲ್ಫಾಳ ಸೌಟಿನಿಂದ ತಿಂದು ಬೆಳೆದವನು. ಮುಂದಿನ ಮೂರು ಸಾಲಿಗೆ ಅವನು ನಂಬರಿನ ತಗಡು ಹೊಡೆಸಿ ಮೊದಲೇ ಕಾದಿರಿಸುವ ಏರ್ಪಾಟು ಮಾಡಿದ್ದ. ಅದರ ಕಾಗದ ಡೆಲ್ಫಾಳ ಮನೆಗೂ ಬಂದಿತ್ತು. ಅವಳು ಅದನ್ನು ಓದಿ, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಒತ್ತಿಟ್ಟಿದ್ದಳು. ಈ ಬೆಟ್ಟದಲ್ಲಿ ಒಬ್ಬರು ಹಾಕಿದ ಕುರ್ಚಿಯನ್ನು ಇನ್ನೊಬ್ಬರು ಎತ್ತಿದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಗುರುವಾರ ಆರು ಗಂಟೆಗೆ ಹೋಗಿ, ನಂಬರಿನ ತಗಡಿನ ಮೇಲೇ ತನ್ನ ಕುರ್ಚಿ ಹಾಕಿ ಬಂದಳು. ಅದೇ ಅವಳ ತಪ್ಪು. ನಮ್ಮಲ್ಲಿ ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು.

ಶನಿವಾರ ಮಧ್ಯಾಹ್ನ ಬಂದು ನೋಡಿದರೆ ಕುರ್ಚಿ ಇಲ್ಲ. ನೀಟಾಗಿ ಮಡಚಿ ಹಿಂದಿನ ಡೇರೆಯಲ್ಲಿ ಇಟ್ಟಿದ್ದರು, ಅವಳ ಹೆಸರು ಬರೆದ ಚೀಟಿ ಬೇರೆ ಅಂಟಿಸಿ.

"ಮಿಸ್ ಡೆಲ್ಫಾ, ದಯವಿಟ್ಟು ಬೈಬೇಡಿ" ಎಂದ ಟ್ರಾಯ್, ಶಾಲೆಯ ಮಕ್ಕಳು ಅವಳನ್ನು ಕರೆಯುತ್ತಿದ್ದ ರೂಢಿಯಲ್ಲೇ, ಅವಳು ಬಾಯಿ ತೆರೆಯುವ ಮೊದಲೇ. "ಆ ಜಾಗ ಓಹಾಯೊದಿಂದ ಬಂದ ಹಲ್ಲಿನ ಡಾಕ್ಟರದು. ಮಾರ್ಚಲ್ಲೇ ತಗೊಂಡಿದಾರೆ. ನಿಮಗೆ ಕಾಗದ ಹಾಕಿದ್ನಲ್ಲ?"

"ನಾಲ್ಕನೇ ಕ್ಲಾಸಲ್ಲಿ ನೀನು ಎರಡೆರಡು ಸಲ ಸಾಲಲ್ಲಿ ಬರ್ತಿದ್ದೆ ಟ್ರಾಯ್. ನಾನು ನೋಡಿಯೂ ಬಡಿಸ್ತಿದ್ದೆ."

"ಅದಕ್ಕೇ ಮಿಸ್ ಡೆಲ್ಫಾ, ನಾಲ್ಕನೇ ಸಾಲಲ್ಲಿ ಒಳ್ಳೆ ಜಾಗ ಇಟ್ಟಿದೀನಿ. ಎಲ್ಲ ಚೆನ್ನಾಗಿ ಕಾಣತ್ತೆ."

ಅವಳಿಗೇನೋ ಎಲ್ಲ ಕಾಣುತ್ತದೆ. ಅವಳ ಕಾಲು ಯಾರಿಗೆ ಕಾಣಬೇಕಿತ್ತೋ ಅವನಿಗೆ ಮೂರು ಸಾಲಿನ ಮೊಣಕಾಲು ಅಡ್ಡ. ಇದನ್ನು ಟ್ರಾಯ್‌ಗೆ ಹೇಳುವ ಹಾಗಿಲ್ಲ. ವೇದಿಕೆಯ ಎದುರು ನಿಂತುಕೊಳ್ಳುವುದಂತೂ ಯಾರಿಗೂ ಸಲ್ಲದು. ಎರಡೂವರೆಗೆ ತಂಡ ವೇದಿಕೆ ಹತ್ತುವ ಹೊತ್ತಿಗೆ ಅವಳು ಒಂದನೇ ಸಾಲಿನ ತುದಿಯಲ್ಲಿ ಬೆಂಕಿ ತುಳಿದವಳ ಹಾಗೆ ನಿಂತಿದ್ದಳು. ಆಗ ಹಲ್ಲಿನ ಡಾಕ್ಟರು ಎದ್ದು, ಪಕ್ಕದಲ್ಲಿದ್ದ ಹೆಂಡತಿಗೆ ಏನೋ ಹೇಳಿ, ಬೀನ್ಸ್ ಸಾರಿನ ಸಾಲಿಗೆ ನಡೆದರು. ಖಾಲಿ ಕುರ್ಚಿ. ಕಾನೂನು ಗೊತ್ತಿದ್ದವಳು ಡೆಲ್ಫಾ. ಹೋಗಿ ಕೂತಳು.

ವೇದಿಕೆಯ ಮೇಲೆ ಆರ್ಬಿನ್ ಕಿವಿಯ ಯಂತ್ರಗಳನ್ನು ಜೇಬಿಗೆ ಹಾಕಿ ಗುಂಡಿ ಬಿಗಿದ, ಬೆನ್ನುಗಳ ಸಂದಿಯಲ್ಲಿ ಹುಡುಕಿದ, ಬಿಳಿ ಬೂಟು ಕಂಡ. ಮೊದಲ ಹಾಡು ಹಳಿಯ ಮೇಲೆ ಹೋಯಿತು. ಎರಡನೆಯದೂ, ಮೂರನೆಯದೂ. ಲೇಸಿ ಒಮ್ಮೆ ಹಿಂದಿರುಗಿ ನೋಡಿ, ಮತ್ತೆ ನೋಡಲಿಲ್ಲ. ನಾಲ್ಕನೆಯ ಹಾಡು ಶುರುವಾಗುವಾಗ ಡಾಕ್ಟರು ಬೀನ್ಸಿನ ಬಟ್ಟಲು, ಮೆಕ್ಕೆಜೋಳದ ಬ್ರೆಡ್ಡು ಹಿಡಿದು ಬಂದು ಸಾಲಿನ ತುದಿಯಲ್ಲಿ ನಿಂತರು.

ಅವರು ಏಳಿ ಎನ್ನಲಿಲ್ಲ. ಓಹಾಯೊದವರಾದರೂ ಮರ್ಯಾದಸ್ಥರು. "ಪರವಾಗಿಲ್ಲಮ್ಮ, ನಾನು ನಿಂತೇ ತಿಂತೀನಿ" ಎಂದರು.

ಡೆಲ್ಫಾ ಆ ಕ್ಷಣದಲ್ಲಿ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಜಡ್ಜನ್ನು ಎಬ್ಬಿಸಿದವಳು ಅವಳೇ. ತನಗೊಂದು ಕಾನೂನು, ಜಡ್ಜಿಗೊಂದು ಕಾನೂನು ಮಾಡಿಕೊಂಡರೆ ನಾಳೆ ಈ ಬಯಲಿನಲ್ಲಿ ಯಾರನ್ನು ಎಬ್ಬಿಸಲು ಮುಖವಿರುತ್ತದೆ? "ಕೂತ್ಕೊಳ್ಳಿ ಸರ್. ಇಲ್ಲಿ ಹಾಗೆ ನಡೆಯಲ್ಲ" ಎಂದು ಎದ್ದಳು. ಏಳುವಾಗ ಹೊಟ್ಟೆಯ ಹೊಲಿಗೆಯ ಜಾಗ ಚುಚ್ಚಿತು.

ಡಾಕ್ಟರು ಕೂತರು. ಹಾಡು ಅವರಿಗೂ ಹಿಡಿಸಿರಬೇಕು, ಕಾಲಾಡಿಸತೊಡಗಿದರು. ಒಮ್ಮೆ ಓಟ, ಒಮ್ಮೆ ನಡಿಗೆ, ಬೀನ್ಸ್ ಬಾಯಿಗೆ ಹೋದಾಗ ಪೂರ್ತಿ ವಿರಾಮ. ಮೇಲೆ ಆರ್ಬಿನ್‌ಗೆ ಕಂಡದ್ದು ಅದೊಂದೇ ಕಾಲು. ನೀರಿಗೆ ಬಿದ್ದವನು ಹುಲ್ಲುಕಡ್ಡಿ ಹಿಡಿದ ಹಾಗೆ ಅದನ್ನೇ ಹಿಡಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬ್ಯಾಂಜೊದವನು ಭುಜದ ಮೇಲಿಂದ ಹಿಂದಕ್ಕೆ ನೋಡಿದ. ಲೇಸಿಯ ಕೊರಳು ನಡುಗಲಿಲ್ಲ, ಆದರೆ ಕೆನ್ನೆ ಬಿಗಿಯಿತು. ಆ ಬಿಗಿದ ಕೆನ್ನೆಯಲ್ಲಿ ಟೆನ್ನೆಸ್ಸಿಯವನಿಗೆ ಫೋನು ಹೋಗುತ್ತಿರುವುದು ಡೆಲ್ಫಾಳಿಗೆ ಕಂಡಿತು.

ಆರ್ಬಿನ್‌ಗೆ ಎದುರು ಬಿಟ್ಟರೆ ಕಾಣುವ ಜಾಗ ಇನ್ನೊಂದೇ. ವೇದಿಕೆಯ ಎಡಗಡೆ, ಹುಲ್ಲಿನ ಮೇಲೆ ಹಾಸಿದ ಪ್ಲೈವುಡ್ ಹಲಗೆ. ಕುಣಿಯುವವರ ಹಲಗೆ. ಹತ್ತಿದವರು ಕುಣಿಯುವವರೆಂದೇ ಲೆಕ್ಕ. ಅದರ ಪಕ್ಕದಲ್ಲೇ ಸೇಬಿನ ಪೈ ಮಾರುತ್ತ ಕೂತವಳು ಓಜೆಲ್ಲಾ ಕೀನ್. ಡೆಲ್ಫಾಳ ಚರ್ಚಿನವಳು, ನಲವತ್ತು ವರ್ಷದಿಂದ ಅವಳ ಪಕ್ಕದ ಬೆಂಚು. ಓಜೆಲ್ಲಾ ಕಂಡದ್ದು ಭಾನುವಾರ ಬೆಳಗ್ಗೆಯೊಳಗೆ ದೇವರಿಗೂ ತಲುಪುತ್ತದೆ.

ಡೆಲ್ಫಾ ನಡೆದಳು. ಓಡಲಿಲ್ಲ, ಎಳೆಯಲೂ ಇಲ್ಲ. ಹಲಗೆಯ ಮೇಲೆ ಇಬ್ಬರು ಗಂಡಸರು, ಒಬ್ಬ ಹುಡುಗಿ ಕುಣಿಯುತ್ತಿದ್ದರು. "ಸ್ವಲ್ಪ ಜಾಗ ಬಿಡ್ರಪ್ಪಾ" ಎಂದಳು. ಅಡುಗೆಮನೆಯ ದನಿ ಅದು, ಮೂವರೂ ಸರಿದರು.

"ಡೆಲ್ಫಾ?" ಎಂದಳು ಓಜೆಲ್ಲಾ, ಪೈ ಕೈಯಲ್ಲೇ ಹಿಡಿದು. "ಏನ್ ಮಾಡ್ತಿದೀಯೇ?"

"ನಿಂತಿದೀನಿ."

ನಿಜವಾಗಿ ನಿಂತೇ ಇದ್ದಳು. ವೇದಿಕೆಗೆ ಮುಖ ಮಾಡಿ, ಕೈ ಎರಡನ್ನೂ ಸೊಂಟಕ್ಕಿಟ್ಟು, ಎರಡು ಹಿಮ್ಮಡಿಯೂ ಹಲಗೆಗೆ ಊರಿ, ಬಲಗಾಲಿನ ಮುಂಭಾಗದಿಂದ ಹೊಡೆಯತೊಡಗಿದಳು. ಹುಲ್ಲಿನ ಮೇಲೆ ಸದ್ದಿಲ್ಲದೆ ಬೀಳುತ್ತಿದ್ದ ಪೆಟ್ಟು ಹಲಗೆಯ ಮೇಲೆ ಟಪ್ ಟಪ್ ಎಂದಿತು. ಕುಣಿಯುತ್ತಿದ್ದ ಮೂವರ ಕಾಲುಗಳು ಯಾರೂ ಹೇಳದೆ ಆ ಪೆಟ್ಟಿಗೆ ಬಂದು ಸೇರಿದವು. ಆರ್ಬಿನ್ ಇನ್ನೂ ಡಾಕ್ಟರ ಕಾಲಿನಲ್ಲೇ ಸಿಕ್ಕಿಕೊಂಡಿದ್ದ. ನೋಡೋ ಮುದುಕಾ, ಈ ಕಡೆ ನೋಡೋ ಎಂದು ಡೆಲ್ಫಾ ಮನಸ್ಸಿನಲ್ಲೇ ಬೈದಳು. ಹಾಡು ಮುಗಿದು ಚಪ್ಪಾಳೆಯ ನಡುವೆ ಅವನು ಬೆವರು ಒರೆಸಿಕೊಳ್ಳುತ್ತ ಬಯಲೆಲ್ಲ ಕಣ್ಣಾಡಿಸಿದ. ಬಿಳಿ ಬೂಟು ಹುಡುಕುತ್ತಿದ್ದ ಕಣ್ಣು ಹಲಗೆಯ ಮೇಲೆ ಬಂದು ನಿಂತಿತು. ಅವನ ಬಾಯಿ ತೆರೆದೇ ಇತ್ತು. ಆಮೇಲೆ ಮುಚ್ಚಿತು.

ಅಲ್ಲಿಂದ ಮುಂದಿನ ಏಳು ಹಾಡನ್ನು ಕೇಳಿದವರು ಭಾಗ್ಯವಂತರು. ಬಾಸು ಕಲ್ಲುಗಟ್ಟಿಯಾಗಿ ಕೆಳಗೆ ಕೂತಿತು, ಅದರ ಮೇಲೆ ಬ್ಯಾಂಜೊ ಸಿಡಿಯಿತು, ಮ್ಯಾಂಡೊಲಿನ್ ಕತ್ತರಿಯ ಹಾಗೆ ಚಕಚಕನೆ ಆಡಿತು, ಲೇಸಿ ಅಂಜಿಕೆಯಿಲ್ಲದೆ ಹಾಡಿದಳು. ಓಜೆಲ್ಲಾ ಪೈ ಮಾರುವುದನ್ನು ಬಿಟ್ಟು ಡೆಲ್ಫಾಳ ಹಿಮ್ಮಡಿಯನ್ನೇ ಕಾಯುತ್ತಿದ್ದಳು. ಹಿಮ್ಮಡಿ ಅಲ್ಲಾಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೆಲ್ಫಾಳಿಗೆ ನೆಲವೂ ನೆಟ್ಟಗಿತ್ತು, ಕಾಲೂ ನೆಟ್ಟಗಿತ್ತು, ಅಪ್ಪನ ತೀರ್ಪೂ ಇದ್ದಲ್ಲೇ ಇತ್ತು.

ಕೊನೆಯದು ಹಾಡಲ್ಲ, ವಾದ್ಯದ ಓಟ. ಜನ ಎದ್ದು ನಿಂತರು. ಲೇಸಿಗೆ ಹುರುಪು ಬಂದು, ಮುಗಿಸಬೇಕಾದ ಕಡೆ ಮುಗಿಸದೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹೊರಟಳು. ನಮ್ಮಲ್ಲಿ ಇಂಥ ಓಟ ಎಲ್ಲಿ ಮುಗಿಯುತ್ತದೆಂದು ಬಾಯಲ್ಲಿ ಹೇಳುವುದಿಲ್ಲ. ಕೊನೆಯ ಸುತ್ತು ಬಂದಾಗ ಯಜಮಾನಿಕೆಯವರು ಒಂದು ಪಾದವನ್ನು ನೆಲದಿಂದ ಎತ್ತಿ ಮುಂದೆ ಚಾಚುತ್ತಾರೆ. ಅದನ್ನು ಕಂಡು ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಕಾಣದವನು ಒಬ್ಬನೇ ಮುಂದೆ ಹೋಗಿ ಸಾವಿರ ಜನರೆದುರು ಬೆತ್ತಲೆಯಾಗುತ್ತಾನೆ.

ಲೇಸಿ ಪಾದ ಎತ್ತಿದಳು. ಮೈಕಿನ ಮುಂದೆ, ಜನರ ಕಡೆಗೆ. ಹಿಂದೆ ನಾಲ್ಕು ಬೆನ್ನುಗಳಾಚೆ ನಿಂತ ಆರ್ಬಿನ್‌ಗೆ ಆ ಪಾದ ಕಾಣಲಿಲ್ಲ. ಅದು ಕಾಣುವುದಿಲ್ಲವೆಂದು ಡೆಲ್ಫಾಳಿಗೆ ಕಂಡಿತು.

ಕುರ್ಚಿಯಲ್ಲಿದ್ದಾಗ ಕೊನೆಯ ಸುತ್ತಿಗೆ ಅವಳು ಬೆರಳು ನಿಲ್ಲಿಸುತ್ತಿದ್ದಳು, ಅವನಿಗೆ ಅಷ್ಟು ಸಾಕಿತ್ತು. ಈಗ ಸುತ್ತ ಮೂವರು ಕುಣಿಯುತ್ತಿದ್ದಾರೆ, ಧೂಳು ಬೇರೆ ಎದ್ದಿದೆ, ನಿಂತ ಬೆರಳು ಯಾವ ಲೆಕ್ಕ? ಹದಿನಾರು ಪೆಟ್ಟಿನ ಸಮಯ. ಅಷ್ಟರಲ್ಲಿ ಅಪ್ಪ ನೆನಪಾದ, ಅಮ್ಮನ ಗಡಿಗೆ ನೆನಪಾಯಿತು, ಓಜೆಲ್ಲಾಳ ಕಣ್ಣು ಬೆನ್ನಿಗೆ ತಾಗಿತು. ಎಂಟು ಪೆಟ್ಟು ಉಳಿದಾಗ ಡೆಲ್ಫಾ ರಾಟ್ಲಿಫ್ ಬಲಗಾಲನ್ನು ಹಿಮ್ಮಡಿಸಮೇತ ಎತ್ತಿದಳು. ಮೊಣಕಾಲೆತ್ತರಕ್ಕೆ ಎತ್ತಿ, ಬಿಳಿ ಬೂಟನ್ನು ಗಾಳಿಯಲ್ಲಿ ಚಾಚಿ, ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತಳು.

ಐದು ವಾದ್ಯಗಳು ಒಂದೇ ಪೆಟ್ಟಿಗೆ ನಿಂತವು.

ಜನ ಕೂಗುತ್ತಿದ್ದರು. ಲೇಸಿ ಮಾತ್ರ ಜನರನ್ನು ನೋಡಲಿಲ್ಲ. ತನ್ನ ಪಾದ ಮಾವನಿಗೆ ಕಂಡಿತೇ ಎಂದು ತಿರುಗಿದವಳಿಗೆ ಅವನ ಕಣ್ಣು ಎಡಕ್ಕಿರುವುದು ಕಂಡಿತು. ಆ ಕಣ್ಣಿನ ಜಾಡು ಹಿಡಿದು ನೋಡಿದರೆ ಹಲಗೆಯ ಮೇಲೆ ಡೆಲ್ಫಾ, ಇನ್ನೂ ಒಂಟಿಕಾಲಿನಲ್ಲಿ. ಲೇಸಿ ಪೆದ್ದಿಯಲ್ಲ. ಏಪ್ರಿಲ್‌ನ ಮೂರು ಶನಿವಾರಗಳು ಅವಳ ತಲೆಯಲ್ಲಿ ಒಂದೊಂದಾಗಿ ಕೂಡಿಕೊಂಡವು.

ವೇದಿಕೆಯ ಹಿಂದೆ ಆರ್ಬಿನ್ ಕಿವಿಯ ಯಂತ್ರ ಹಾಕಿಕೊಳ್ಳುವವರೆಗೆ ಅವಳು ಕಾದಳು. ಡೆಲ್ಫಾಳೂ ಅಲ್ಲಿಗೆ ಬಂದಿದ್ದಳು.

"ಮಾವ, ನನಗೆ ಹೇಳ್ಬಾರ್ದಿತ್ತಾ? ನಾನೇ ನಿಮಗೆ ಕಾಣೋ ಹಾಗೆ ನಿಂತು ತಾಳ ತೋರಿಸ್ತಿದ್ದೆ."

"ನಿನ್ ಕಾಲು ಓಡತ್ತೆ ಮಗಳೇ" ಎಂದ ಆರ್ಬಿನ್. "ಅವಳದ್ದು ಓಡಲ್ಲ."

ಲೇಸಿ ಕೋಪ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ, ನಕ್ಕುಬಿಟ್ಟಳು. "ಟೆನ್ನೆಸ್ಸಿಯವನಿಗೆ ಬೇಡ ಅಂತ ಹೇಳ್ತೀನಿ. ಡೆಲ್ಫಾ ಅತ್ತೆ, ಇನ್ಮೇಲೆ ನಿಮ್ಮ ಕುರ್ಚಿ ವೇದಿಕೆ ಪಕ್ಕದಲ್ಲೇ, ಮಾವನ ಎದುರಿಗೆ. ಯಾವ ಟ್ರಾಯ್‌ನೂ ಎತ್ತೋ ಹಾಗಿಲ್ಲ. ನಾವು ಎಲ್ಲಿಗೆ ಹೋದ್ರೂ ನೀವು ಬರ್ಬೇಕು."

"ಇಷ್ಟು ವರ್ಷ ಬರ್ತಿರ್ಲಿಲ್ವೇನೇ?" ಎಂದಳು ಡೆಲ್ಫಾ. "ಮೂರನೇ ಹಾಡಿನ ಎರಡನೇ ಚರಣ ಮತ್ತೆ ತಪ್ಪು ಹೇಳ್ದೆ. ಅದನ್ನ ಮೊದ್ಲು ಸರಿ ಮಾಡ್ಕೊ."

ಡೇರೆಯಿಂದ ತನ್ನ ಮಡಚಿದ ಕುರ್ಚಿಯನ್ನು ಎತ್ತಿಕೊಂಡು ಗಾಡಿಯ ಕಡೆ ಹೊರಟಳು. ಓಜೆಲ್ಲಾ ಖಾಲಿ ಪೈ ತಟ್ಟೆಗಳನ್ನು ಜೋಡಿಸುತ್ತ ಅವಳ ದಾರಿಗೆ ಅಡ್ಡವಾಗಿ ಕಾಯುತ್ತಿದ್ದಳು. ಮುಖದಲ್ಲಿ ಭಾನುವಾರ ಆಗಲೇ ಬಂದಿತ್ತು.

"ಹಿಮ್ಮಡಿ ಎತ್ತಿದೆ ಡೆಲ್ಫಾ. ನಾನು ಕಣ್ಣಾರೆ ನೋಡ್ದೆ."

ಡೆಲ್ಫಾ ಕುರ್ಚಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಕಾಣ್ಲಿ ಅಂತಾನೇ ಎತ್ತಿದ್ದು ಕಣೇ" ಎಂದಳು.